ಇವರ ಹಳೆ ದೋಣಿ, ನನ್ನ ಚೀಟಿ ದುಡ್ಡು

ಅಕ್ಕ-ತಂಗಿಯರೇ, ಹೋದ ಸಲ ಹಲಸಿನ ಹಪ್ಪಳದ ವಿಷಯ ಬರೆದಿದ್ದೆ. ಈ ಸಲ ಅಡಿಗೆ ಇಲ್ಲ. ನಮ್ಮ ಮನೆಗೆ ದೋಣಿ ಬಂದಿದೆ!

ನಮ್ಮದು ಕುಂದಾಪುರದ ಹತ್ತಿರ, ಪಂಚಗಂಗಾವಳಿ ಹೊಳೆಯ ದಂಡೆ. ಇವರಿಗೆ ಚಿಕ್ಕಂದಿನಿಂದಲೂ ಹಾಯಿ ದೋಣಿಯ ಹುಚ್ಚು. ಈಗ ಎಲ್ಲದಕ್ಕೂ ಇಂಜಿನ್ನು ಬಂದು ಹಾಯಿ ಕಾಣುವುದೇ ಅಪರೂಪ. ಯಾರದೋ ಕೊಟ್ಟಿಗೆಯಲ್ಲಿ ಹಳೆಯದೊಂದು ಮಕಾಡೆ ಬಿದ್ದಿತ್ತಂತೆ. ನನಗೊಂದು ಮಾತೂ ಹೇಳದೆ 18,000 ರೂಪಾಯಿ ಎಣಿಸಿ ಕೊಟ್ಟು ಬಂದರು. ಆ ದುಡ್ಡು ಎಲ್ಲಿಯದು? ಮಗಳ ಹಾಸ್ಟೆಲಿಗೆಂದು ನಾನು ಕಟ್ಟುತ್ತಿದ್ದ ಚೀಟಿಯದು! "ಹ್ವಾಯ್, ಮಗಳನ್ನ ದೋಣಿಯಲ್ಲಿ ಕೂರಿಸಿ ಓದಿಸ್ತ್ರಾ?" ಅಂದೆ. ಆಮೇಲೆ ಎರಡು ದಿನ ನಮ್ಮಿಬ್ಬರ ಮಾತೆಲ್ಲ ಮಗಳ ಮೂಲಕವೇ ನಡೆಯಿತು.

ಮೂರನೇ ದಿನ ಆಚಾರಿ ಬಂದರು. ನಾವು ತೆಂಗಿನಕಾಯಿ ತಟ್ಟಿ ನೋಡುವ ಹಾಗೆಯೇ ಹಲಗೆಗಳನ್ನು ತಟ್ಟುತ್ತಾ ಹೋದರು. ಗಟ್ಟಿ ಮರದ ಶಬ್ದವೇ ಬೇರೆ, ಲಡ್ಡಾದದ್ದು 'ಡಬ್' ಎನ್ನುತ್ತದೆ. ಮತ್ತೆ ಸಣ್ಣ ಚೂರಿಯ ತುದಿ ಒತ್ತಿದರು. ಹೆಬ್ಬಲಸಿನ ಹಲಗೆ, ಇಳಿಯಲಿಲ್ಲ. ತಳದಲ್ಲಿ ಎರಡು ಕಡೆ ಮಾತ್ರ ಬೆಂದ ಗೆಣಸಿಗೆ ಇಳಿದಂತೆ ಇಳಿದುಬಿಟ್ಟಿತು. ಮರ ಕೊರೆಯುವ ಹುಳು. ಹುಳು ಅಂತ ಹೆಸರಷ್ಟೇ, ಅದು ನಾವು ಸುಕ್ಕ ಮಾಡುವ ಮರುವಾಯಿಯ ಕಡೆಯ ನೆಂಟ. ಉಪ್ಪುನೀರಿನ ಜೀವ, ಸಿಹಿನೀರು ಅದಕ್ಕೆ ಆಗುವುದಿಲ್ಲ.

"ಈ ಪರೀಕ್ಷೆ ದುಡ್ಡು ಕೊಡೂಕೆ ಮುಂಚೆ ಮಾಡ್ಬೇಕಿತ್ತು ಅಮ್ಮ" ಅಂದರು ಆಚಾರಿ. ಇವರು ಹೊಳೆ ಕಡೆ ನೋಡುತ್ತಿದ್ದರು.

ಹಾಳಾದ ಕಡೆ ಹೊಸ ಹಲಗೆ ಕೂರಿಸಿದ್ದಾಯಿತು. ಹಳೆಯದಕ್ಕೆ ತಾಮ್ರದ ಮೊಳೆ ಇತ್ತು, ಇವರು ಅಗ್ಗವೆಂದು ಕಬ್ಬಿಣದ್ದು ತಂದಿದ್ದರು. ಎರಡೂ ಒಟ್ಟಿಗಿದ್ದರೆ ಉಪ್ಪುನೀರಲ್ಲಿ ಕಬ್ಬಿಣ ಬೇಗ ತಿಂದುಹೋಗುತ್ತದೆಯಂತೆ. ವಾಪಸು ಕಳಿಸಿದೆವು. ಹಲಗೆಗಳ ಸಂದಿಗೆ ಹತ್ತಿಯನ್ನು ಬತ್ತಿಯ ಹಾಗೆ ಹೊಸೆದು, ಮೊಂಡು ಉಳಿಯಿಂದ ಮೆಲ್ಲನೆ ಬಡಿದು ತುಂಬಬೇಕು. ತೀರಾ ಗಿಡಿದರೆ ಮರ ಉಬ್ಬಿದಾಗ ಹಲಗೆಯೇ ಸರಿಯುತ್ತದೆ. ಬತ್ತಿ ಹೊಸೆಯುವುದು ನಮಗೆ ಹೇಳಿಕೊಡಬೇಕೇ? ಅತ್ತೆಯವರೂ ಕೂತರು. ಮೇಲೆ ಎಣ್ಣೆಯಲ್ಲಿ ಕಾಯಿಸಿದ ರಾಳ. ಹೊರಮೈಗೆ ಗೇರುಸಿಪ್ಪೆಯ ಎಣ್ಣೆ ಎರಡು ಕೈ. ಜೋಕೆ, ಆ ಎಣ್ಣೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ. ಕೈಗೆ ಮೊದಲೇ ತೆಂಗಿನೆಣ್ಣೆ ಸವರಿಕೊಂಡು, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಇವರು ಹಾಕಿಕೊಳ್ಳಲಿಲ್ಲ, ಒಂದು ವಾರ ಅನುಭವಿಸಿದರು. (ನನಗೆ ಸ್ವಲ್ಪ ಖುಷಿಯಾಯಿತು, ಸುಳ್ಳೇಕೆ ಹೇಳಲಿ?)

ಹೊಸ ಹಾಯಿಗೆ ಒಂದು ಪೈಸೆ ಕೊಡುವುದಿಲ್ಲ ಅಂತ ಖಡಾಖಂಡಿತ ಹೇಳಿದ್ದೆ. ಹಾಗಾಗಿ ಹಳೆಯದಕ್ಕೆ ತೇಪೆ ಹಾಕುವ ಕೆಲಸ ನನ್ನ ತಲೆಗೇ ಬಂತು. ಮಂಜರಪಾಟಿನಂಥ ದಪ್ಪ ಹತ್ತಿಬಟ್ಟೆ, ಮಡಿಕೆಗಳಲ್ಲೆಲ್ಲ ಬೂಷ್ಟು. ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ತೇಪೆ ತೂತಿಗಿಂತ ಸುತ್ತಲೂ ಎರಡು ಬೆರಳು ದೊಡ್ಡದಿರಲಿ, ಅಂಚು ಒಳಗೆ ಮಡಚಿ, ಎರಡು ಸಾಲು ಹೊಲಿಗೆ. ತೇಪೆಯ ನೇಯ್ಗೆ ಹಾಯಿಯ ನೇಯ್ಗೆಯ ದಿಕ್ಕಿಗೇ ಕೂರಬೇಕು, ಓರೆಯಾದರೆ ಗಾಳಿಗೆ ಜಗ್ಗಿ ಪಕ್ಕದಲ್ಲೇ ಹರಿಯುತ್ತದೆ. ಅಂಚಿನ ಹಗ್ಗದ ಹತ್ತಿರ ಮಿಷನ್ನಿನ ಸೂಜಿ ಮುರಿಯಿತು. ಅಲ್ಲಿ ದಬ್ಬಣವೇ ಗತಿ, ದಾರಕ್ಕೆ ಜೇನುಮೇಣ ಉಜ್ಜಿಕೊಂಡು. ಒದ್ದೆ ಹಾಯಿ ಸುತ್ತಿಡಬೇಡಿ ಅಂತ ಇವರಿಗೆ ದಿನಾ ಹೇಳುವುದೂ ಈಗ ನನ್ನ ಕೆಲಸವೇ.

ನೀರಿಗಿಳಿಸಿದ ದಿನ ಅರ್ಧ ಗಂಟೆಯಲ್ಲಿ ಪಾದ ಮುಳುಗುವಷ್ಟು ನೀರು! ನನಗೆ ಅಳುವೇ ಬಂತು, 18,000 ರೂಪಾಯಿ ಕಣ್ಣೆದುರೇ ಮುಳುಗುತ್ತಿದೆ ಅಂತ. ಆಚಾರಿ ನಕ್ಕರು. ಅನ್ನ ಬಸಿಯುವ ಮರದ ಮರಿಗೆ ಬಹಳ ದಿನ ಒಣಗಿದ್ದರೆ ಮೊದಲು ಸೋರುವುದಿಲ್ಲವೇ, ಹಾಗೇ ಇದೂ. ಎರಡು ದಿನ ಆಳವಿಲ್ಲದ ಕಡೆ ಕಟ್ಟಿಹಾಕಿ ಬಿಟ್ಟೆವು. ಹಲಗೆ ಉಬ್ಬಿ ಸಂದಿ ಮುಚ್ಚಿತು. ಒಂದು ಕಡೆ ಮಾತ್ರ ಇನ್ನೂ ಜಿನುಗುತ್ತದೆ. ಮಳೆಗಾಲಕ್ಕೆ ದಂಡೆಗೆ ಎಳೆದು, ಅಡಿಗೆ ಕಟ್ಟಿಗೆ ಕೊಟ್ಟು, ಮಡಲು ಹೊದಿಸಿ ಇಡುವಾಗ ಅದನ್ನು ನೋಡಿಕೊಳ್ಳಬೇಕು.

ಲೈಫ್ ಜಾಕೆಟ್ ಇಲ್ಲದೆ ಮಗಳನ್ನು ಹತ್ತಿಸುವಂತಿಲ್ಲ, ಅದು ನನ್ನ ಷರತ್ತು. ಇನ್ನೊಂದು ಷರತ್ತೂ ಇದೆ. ಇವರು ಈಗ ಸಂಜೆ ಹೊತ್ತು ಅಂಗಡಿಯೊಂದರ ಲೆಕ್ಕ ಬರೆಯಲು ಹೋಗುತ್ತಾರೆ, ಆ ಸಂಬಳ ನೇರ ನನ್ನ ಕೈಗೆ. ಎರಡು ಕಂತು ಬಂದಿದೆ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ.