‘ಅನ್‌ಲಿಮಿಟೆಡ್’ ಪಕ್ಕದ ಆ ಪುಟ್ಟ ನಕ್ಷತ್ರ

ಕಳೆದ ತಿಂಗಳು 23ನೇ ತಾರೀಖು ರಾತ್ರಿ ನಮ್ಮ ಮನೆಯ ಇಂಟರ್ನೆಟ್ ಅರ್ಧ ಸತ್ತಿತು. ಪೂರ್ತಿ ಸತ್ತಿದ್ರೆ ರೂಟರ್ ಕೆಟ್ಟಿದೆ ಅಂತ ಸಮಾಧಾನ ಮಾಡ್ಕೋಬಹುದಿತ್ತು. ಇಲ್ಲಿ ಮೆಸೇಜ್ ಹೋಗ್ತಿತ್ತು, ಫೋಟೊ ಹೋಗ್ತಿರಲಿಲ್ಲ. ಬನಶಂಕರಿಯ ಆ ಬಾಡಿಗೆ ಮನೆಯಲ್ಲಿ ನಾವು ನಾಲ್ಕು ಜನ. ಒಬ್ಬಳು ಮನೆಯಿಂದಲೇ ಡಿಸೈನ್ ಕೆಲಸ ಮಾಡ್ತಾಳೆ, ಇನ್ನೊಬ್ಬಳು ವಿಡಿಯೊ ಪಾಠ ನೋಡ್ಕೊಂಡು ಕೆಪಿಎಸ್‌ಸಿಗೆ ಓದ್ತಾಳೆ. ಮೂರನೆಯವಳಿಗೆ ಮಾರನೇ ದಿನ ಬೆಳಗ್ಗೆ ಆನ್‌ಲೈನ್ ಇಂಟರ್‌ವ್ಯೂ ಇತ್ತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. “ನಿಮ್ಮ ಎಫ್‌ಯುಪಿ ಮುಗಿದಿದೆ ಮೇಡಂ, ಟಾಪ್‌ಅಪ್ ಹಾಕಿಸ್ಕೊಳ್ಳಿ.” ನಮ್ಮದು ಅನ್‌ಲಿಮಿಟೆಡ್ ಪ್ಲಾನ್ ಅಲ್ವಾ ಅಂದೆ. “ಹೌದು ಮೇಡಂ, ಅನ್‌ಲಿಮಿಟೆಡ್ಡೇ. ಸ್ಪೀಡ್ ಮಾತ್ರ ಲಿಮಿಟೆಡ್.”

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮುಂದಿರುವ ಹಾಳೆಯಲ್ಲಿ ಬರೆದಿದ್ದೇ ಅದು. ಗೆಳತಿ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಇಂಟರ್‌ವ್ಯೂ ಕೊಟ್ಟಳು. ದಿನದ ಕೋಟಾದಲ್ಲಿ ಉಳಿದಿದ್ದು ಅರ್ಧ ಜಿಬಿ, ಹಾಗಾಗಿ ಮುಖ ತೋರಿಸದೆ, ಬರೀ ದನಿಯಲ್ಲಿ.

ಎಫ್‌ಯುಪಿ ಅಂದ್ರೆ ಫೇರ್ ಯೂಸೇಜ್ ಪಾಲಿಸಿ. ತಿಂಗಳಿಗೆ ಇಷ್ಟು ಡೇಟಾ ಅಂತ ಒಂದು ಗೆರೆ, ದಾಟಿದರೆ ವೇಗ ನೆಲಕ್ಕಿಳಿಯುತ್ತೆ. ದೊಡ್ಡ ಕಂಪನಿಗಳ ಫೈಬರ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಕಾಣೋದು 3,300 ಜಿಬಿ. ನಮ್ಮ ಚಿಕ್ಕ ಕಂಪನಿಯದು 1,000 ಜಿಬಿ. ಕೇಳೋಕೆ ಜಾಸ್ತಿಯೇ. ಆದರೆ ನಮಗೆ ಮಾರಿದ್ದು 100 ಎಂಬಿಪಿಎಸ್ ವೇಗ. ಆ ವೇಗವನ್ನು ಪೂರ್ತಿ ಬಳಸಿದರೆ ಗಂಟೆಗೆ 45 ಜಿಬಿ, ಅಂದ್ರೆ ಸುಮಾರು 22 ಗಂಟೆಯಲ್ಲಿ ತಿಂಗಳ ಕೋಟಾ ಖಾಲಿ. ಒಂದು ದಿನವೂ ಪೂರ್ತಿ ಬಾಳದ ವೇಗವನ್ನು ತೋರಿಸಿ ತಿಂಗಳ ದುಡ್ಡು ತಗೊಂಡಿದ್ದಾರೆ.

ಕಂಪನಿಗಳ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಒಂದೇ ಲೈನನ್ನು ಹತ್ತಾರು ಮನೆಗಳು ಹಂಚಿಕೊಳ್ಳುತ್ತವೆ, ಒಬ್ಬ ಹಗಲೂರಾತ್ರಿ ಡೌನ್‌ಲೋಡ್‌ಗೆ ಹಾಕಿ ಕೂತರೆ ಪಕ್ಕದ ಮನೆಯವರಿಗೆ ತೊಂದರೆ. ಸರಿ. ಆದರೆ ಡೇಟಾ ಟ್ಯಾಂಕರ್ ನೀರಲ್ಲ, ಬಳಸಿದಷ್ಟೂ ತಳ ಕಾಣೋಕೆ. ಅದು ರಸ್ತೆ ಥರ. ಜಾಮ್ ಆಗೋದು ರಾತ್ರಿ ಒಂಬತ್ತಕ್ಕೆ, ಎಲ್ಲರೂ ಒಟ್ಟಿಗೆ ಬಂದಾಗ. ತಿಂಗಳ ಮಿತಿಗೆ ಮಾತ್ರ ರಾತ್ರಿ ಒಂಬತ್ತೂ ಒಂದೇ, ಬೆಳಗಿನ ಜಾವ ಮೂರೂ ಒಂದೇ. ಅಮೆರಿಕದ ಕಾಮ್‌ಕಾಸ್ಟ್ 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾಗಿ ಜನ ಹಿಂದೆಂದೂ ಇಲ್ಲದಷ್ಟು ಇಂಟರ್ನೆಟ್ ಬಳಸೋ ಹೊತ್ತಲ್ಲೇ, ತನ್ನ ಮಿತಿಯನ್ನು ತಾತ್ಕಾಲಿಕವಾಗಿ ತೆಗೆದುಹಾಕಿತ್ತು. ನೆಟ್‌ವರ್ಕ್ ಕುಸಿದು ಬೀಳಲಿಲ್ಲ.

ಇನ್ನು ನಿಯಮ. ಮಿತಿ ಮುಗಿದ ಮೇಲೂ ಮನೆ ಬ್ರಾಡ್‌ಬ್ಯಾಂಡ್ ವೇಗ 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದು, ಮಿತಿ ಎಷ್ಟು ಅನ್ನೋದನ್ನ ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು ಅಂತ ಟ್ರಾಯ್ 2016ರಲ್ಲೇ ನಿರ್ದೇಶನ ಕೊಟ್ಟಿದೆ. 512ರಲ್ಲಿ ಒಂದು ಜಿಬಿ ಇಳಿಸೋಕೆ ನಾಲ್ಕು ಗಂಟೆಗೂ ಹೆಚ್ಚು ಬೇಕು. ಇತ್ತ 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ಅಂದ್ರೆ ಕನಿಷ್ಠ 2 ಎಂಬಿಪಿಎಸ್ ಅಂತ ವ್ಯಾಖ್ಯಾನ ಬದಲಿಸಿತು. ಅಂದರೆ ತಿಂಗಳ ಕೊನೇ ವಾರ ನಮ್ಮ ಮನೆಗೆ ಬರ್ತಿದ್ದದ್ದು ಸರ್ಕಾರದ ಲೆಕ್ಕದಲ್ಲೇ ಬ್ರಾಡ್‌ಬ್ಯಾಂಡ್ ಅಲ್ಲ. ಬಿಲ್ ಮಾತ್ರ ಬ್ರಾಡ್‌ಬ್ಯಾಂಡಿನದು.

ಮಿತಿ ಇಡೋದು ಬೇಡ ಅಂತ ನಾನು ಹೇಳ್ತಿಲ್ಲ. ಮಿತಿ ಇಟ್ಟು ‘ಅನ್‌ಲಿಮಿಟೆಡ್’ ಅಂತ ಮಾರೋದು ಬೇಡ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ತಂದಿತು. ನಕ್ಷತ್ರ ಹಾಕಿ ಕೆಳಗೆ ಕೊಡುವ ಷರತ್ತು ಮೇಲಿನ ಮಾತನ್ನು ವಿವರಿಸಬಹುದು, ಅದಕ್ಕೆ ತದ್ವಿರುದ್ಧವಾಗಿರುವಂತಿಲ್ಲ ಅನ್ನುತ್ತೆ ಅದು. ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು ಅಂತಲೂ ಹೇಳುತ್ತೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲಿ ಅಂಟಿಸಿರುವ ಪೋಸ್ಟರ್ ನೋಡಿದೆ. ‘ಅನ್‌ಲಿಮಿಟೆಡ್ ಇಂಟರ್ನೆಟ್’ ಅಂತ ದಪ್ಪ ಕನ್ನಡದಲ್ಲಿದೆ. ಷರತ್ತು ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷಿನಲ್ಲಿ. ಕನ್ನಡ ಬೇಕಾಗೋದು ಮಾರೋಕೆ ಮಾತ್ರ.

ಟೆಲಿಕಾಂ ತಕರಾರುಗಳನ್ನು ಗ್ರಾಹಕ ನ್ಯಾಯಾಲಯ ಕೇಳಬಾರದು ಅಂತ ಕಂಪನಿಗಳು ಬಹಳ ಕಾಲ ವಾದಿಸಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿದೆ. ದಾರಿ ಇದೆ. ಆದರೆ ತಿಂಗಳಿಗೆ ಆರೇಳುನೂರು ರೂಪಾಯಿಯ ಬಿಲ್ಲಿಗೆ ರಜೆ ಹಾಕಿ ಗ್ರಾಹಕ ಆಯೋಗಕ್ಕೆ ಯಾರು ಅಲೀತಾರೆ? ಈ ಸೋಮಾರಿತನದ ಲೆಕ್ಕ ಕಂಪನಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ನಾನಂತೂ ಪೋಸ್ಟರಿನ ಫೋಟೊ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಒಂದನೇ ತಾರೀಖು ವೇಗ ತಾನಾಗೇ ವಾಪಸ್ ಬಂತು. ದೂರಿಗೆ ಇನ್ನೂ ಉತ್ತರ ಬಂದಿಲ್ಲ. ಗೆಳತಿಗೂ ಆ ಕಂಪನಿಯಿಂದ ಫೋನ್ ಬಂದಿಲ್ಲ. ಪೋಸ್ಟರ್ ಲಿಫ್ಟ್‌ನಲ್ಲಿ ಹಾಗೇ ಇದೆ.