ಚಕ್ರ ಬಿಗಿದ ಮೋಟಾರು

ಮನೆಬಾಗಿಲಿನ ಅಗುಳಿಯನ್ನು ಅರಿಯದ ಗೃಹಸ್ಥರಿಲ್ಲ. ಅಂತಹದೇ ಒಂದು ಅಗುಳಿ ಮೋಟಾರಿನೊಳಗೂ ಇರುವುದೆಂಬುದನ್ನು ಮಾತ್ರ, ಹತ್ತು ವರ್ಷ ಗಾಡಿ ನಡೆಯಿಸಿದವರಲ್ಲಿಯೂ ಅನೇಕರು ಅರಿತಿರುವುದಿಲ್ಲ. ಆದಕಾರಣ ಈ ತಿಂಗಳು ಆ ವಿಷಯವಾಗಿಯೇ ನಾಲ್ಕು ಮಾತು ಬರೆಯಲು ಮನಸ್ಸು ಮಾಡಿದ್ದೇವೆ.

ಬೀಗದ ಕೈಯನ್ನು ಹೊರಕ್ಕೆ ತೆಗೆದ ಬಳಿಕ ಸ್ಟಿಯರಿಂಗ್ ಚಕ್ರವನ್ನು ಕೊಂಚ ತಿರುಗಿಸಿದರೆ, ಒಳಗೆ ‘ಟಕ್’ ಎಂದು ಸದ್ದಾಗಿ ಚಕ್ರವು ನಿಂತುಬಿಡುವುದಷ್ಟೆ. ಚಕ್ರದ ಕೆಳಗಿರುವ ದಂಡದ ಕಚ್ಚಿನೊಳಕ್ಕೆ ಉಕ್ಕಿನ ಅಗುಳಿಯೊಂದು ಸ್ಪ್ರಿಂಗಿನ ಬಲದಿಂದ ಇಳಿದು ಕುಳಿತಿತೆಂದು ಇದರ ಅರ್ಥ. ಕಳ್ಳನು ತಂತಿ ಜೋಡಿಸಿ ಎಂಜಿನನ್ನು ಹೊರಡಿಸಿದರೂ ಗಾಡಿಯನ್ನು ತಿರುಗಿಸಲಾರದೆ ಹೋಗಲೆಂದು ಈ ಏರ್ಪಾಡು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯವರು 1969ರ ಮಾದರಿಯ ಕಾರುಗಳಲ್ಲಿ ಇದನ್ನು ಅಳವಡಿಸಿದರು. ಕೈ ತೆಗೆದ ಮೇಲೆ ಚಕ್ರ ತಿರುಗುವುದಾಗಲಿ ಗಾಡಿ ಮುಂದೆ ಹೋಗುವುದಾಗಲಿ ತಡೆಯಲ್ಪಡಬೇಕೆಂಬ ನಿಯಮವು ಆ ದೇಶದಲ್ಲಿ 1970ರ ಜನವರಿ 1ರಿಂದ ಜಾರಿಗೆ ಬಂದಿತು.

ತೊಂದರೆ ಹುಟ್ಟುವುದು ಈ ಅಗುಳಿ ಬಿಗಿದಾಗ. ನಿಲ್ಲಿಸಿದ ಗಾಡಿಯಲ್ಲಿ ಮಕ್ಕಳು ಕುಳಿತು ಚಕ್ರವನ್ನೆಳೆದು ಆಡಿರುತ್ತಾರೆ. ಇಲ್ಲವೆ ಮುಂದಿನ ಗಾಲಿಯನ್ನು ಕಲ್ಲಿಗೆ ಒತ್ತಿ ನಿಲ್ಲಿಸಿರುತ್ತೇವೆ. ಆಗ ಟೈರಿನ ಒತ್ತಡವು ದಂಡದ ಮೂಲಕ ಅಗುಳಿಯನ್ನು ಪಕ್ಕಕ್ಕೆ ಅದುಮಿ ಹಿಡಿಯುತ್ತದೆ. ಬೀಗದ ಕೈ ತಿರುಗದು. ನಮ್ಮ ನೆರೆಮನೆಯಲ್ಲಿ ಒಂದು ರಾತ್ರಿ ಹೀಗೆಯೇ ಆಯಿತು. ವೃದ್ಧರಿಗೆ ಎದೆನೋವು, ಮಗನು ಗಾಬರಿಯಿಂದ ಕೈಯನ್ನು ಇಕ್ಕಳದಲ್ಲಿ ಹಿಡಿದು ತಿರುಚಲು ಅದು ಬೀಗದೊಳಗೇ ಮುರಿಯಿತು. ದೇವರ ದಯೆಯಿಂದ ಬೀದಿಯ ಕೊನೆಯಲ್ಲಿ ಆಟೋ ಒಂದಿದ್ದಿತು; ಹಿರಿಯರು ಉಳಿದುಕೊಂಡರು.

ಅಂದು ಮಾಡಬೇಕಾಗಿದ್ದುದು ಅರ್ಧ ನಿಮಿಷದ ಕೆಲಸ. ಚಕ್ರವನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಒತ್ತಿ ನೋಡತಕ್ಕದ್ದು. ಒಂದು ಕಡೆಗೆ ಅದು ಕಲ್ಲಿನಂತೆ ನಿಲ್ಲುವುದು. ಇನ್ನೊಂದು ಕಡೆಗೆ ಕೂದಲೆಳೆಯಷ್ಟು ಸಡಿಲ ತೋರುವುದು. ಆ ಸಡಿಲವಿರುವ ಕಡೆಗೆ ಚಕ್ರವನ್ನು ಎಡಗೈಯಿಂದ ಒತ್ತಿ ಹಿಡಿದು, ಅದೇ ಕ್ಷಣದಲ್ಲಿ ಬಲಗೈಯಿಂದ ಬೀಗದ ಕೈಯನ್ನು ತಿರುಗಿಸಬೇಕು. ಒತ್ತಡ ತಪ್ಪಿದ ಕೂಡಲೆ ಅಗುಳಿ ತಾನಾಗಿ ಹಿಂದಕ್ಕೆ ಸರಿಯುವುದು. ಬಲವನ್ನು ಚಕ್ರದ ಮೇಲೆ ಹಾಕಬಹುದೇ ಹೊರತು ಬೀಗದ ಕೈಯ ಮೇಲೆ ಹಾಕಕೂಡದು. ಗುಂಡಿ ಒತ್ತಿ ಹೊರಡಿಸುವ ಈಗಿನ ಗಾಡಿಗಳಲ್ಲಿಯೂ ಇದೇ ಕ್ರಮ: ಬ್ರೇಕ್ ತುಳಿದು, ಚಕ್ರವನ್ನು ಸಡಿಲಿಸುತ್ತ ಗುಂಡಿಯನ್ನೊತ್ತಬೇಕು. ಇಷ್ಟಾದರೂ ಕೈ ತಿರುಗದಿದ್ದರೆ ಪೆಟ್ಟಿಗೆಯಲ್ಲಿರುವ ಎರಡನೆಯ ಕೈಯನ್ನು ತರಿಸಿ ನೋಡಿರಿ. ಸವೆದ ಕೈಯಿಂದಲೂ ಇಂತಹ ಪೇಚಾಟ ಉಂಟಾಗುತ್ತದೆ. ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುವ ಅಜ್ಜಿಯರ ಪದ್ಧತಿ ಇಲ್ಲಿ ಬೇಡ, ಅದು ಧೂಳನ್ನು ಕೂಡಿಸಿಕೊಳ್ಳುತ್ತದೆ. ಗ್ರಾಫೈಟಿನ ಪುಡಿ ಲೇಸು.

ಇದು ನಿಂತ ಗಾಡಿಯ ಮಾತಾಯಿತು. ನಾವು ಈ ವಿಷಯವನ್ನು ಎತ್ತಿಕೊಂಡುದು ಓಡುವ ಗಾಡಿಯ ಸಲುವಾಗಿ. ಆಗುಂಬೆಯಿಂದ ಸೋಮೇಶ್ವರಕ್ಕೂ, ಚಾರ್ಮಾಡಿಯಲ್ಲಿಯೂ ಘಟ್ಟ ಇಳಿಯುವಾಗ ಪೆಟ್ರೋಲು ಉಳಿಯಲೆಂದು ಎಂಜಿನನ್ನು ಆರಿಸುವ ಮಹನೀಯರು ಇನ್ನೂ ಇದ್ದಾರೆ. ಎಂಜಿನ್ ಆರಿದರೆ ಚಕ್ರಕ್ಕೆ ದೊರೆಯುತ್ತಿದ್ದ ನೆರವು ನಿಂತು ಅದು ಭಾರವಾಗುವುದು. ಬ್ರೇಕಿನಲ್ಲಿ ಕೂಡಿಟ್ಟ ನೆರವು ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿಯುವುದು. ಗಡಿಬಿಡಿಯಲ್ಲಿ ಕೈಯನ್ನು ಕೊನೆಯವರೆಗೆ ತಿರುಗಿಸಿ ಹೊರಗೆಳೆದರಂತೂ ಅಗುಳಿ ಇಳಿಯುವುದು. ತಿರುವಿನಲ್ಲಿ ಗಾಡಿ ನೇರವಾಗಿ ಕಮರಿಯ ಕಡೆಗೇ ಹೋಗುವುದು. ಇಷ್ಟಕ್ಕೂ ಉಳಿತಾಯವೆಷ್ಟು? ಈಗಿನ ಎಂಜಿನುಗಳಲ್ಲಿ ಗಾಡಿಯನ್ನು ಗೇರಿನಲ್ಲಿಟ್ಟು, ಆಕ್ಸಿಲರೇಟರಿನಿಂದ ಕಾಲೆತ್ತಿ ಇಳಿಯುವಾಗ ಪೆಟ್ರೋಲು ತಾನಾಗಿಯೇ ನಿಂತಿರುತ್ತದೆ. ಗೇರೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ನಯಾಪೈಸೆಯ ಲಾಭವಿಲ್ಲದ ಸಾಹಸಕ್ಕೆ ಹೆಂಡಿರುಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಏನೆನ್ನಬೇಕೋ ತಿಳಿಯದು.

ಎಂಜಿನ್ ತಾನಾಗಿ ಆರಿದುದರಿಂದಲೇ ಎಷ್ಟು ಅನರ್ಥವಾದೀತೆಂಬುದಕ್ಕೆ ನಿದರ್ಶನವುಂಟು. 2014ರಲ್ಲಿ ಮೇಲೆ ಹೇಳಿದ ಸಂಸ್ಥೆಯೇ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಿಸಿಕೊಂಡಿತು. ಅವುಗಳ ಸ್ವಿಚ್ಚು ಓಟದ ನಡುವೆ ಜಾರಿ ಎಂಜಿನ್ ನಿಲ್ಲುತ್ತಿದ್ದಿತು, ಅಪಘಾತದಲ್ಲಿ ಗಾಳಿಚೀಲಗಳು ಬಿಚ್ಚಿಕೊಳ್ಳುತ್ತಿರಲಿಲ್ಲ. ಪರಿಹಾರನಿಧಿಯವರು 124 ಮರಣಗಳನ್ನು ಒಪ್ಪಿಕೊಂಡರು. ಗೊಂಚಲಿನ ಭಾರದಿಂದಲೂ ಆ ಸ್ವಿಚ್ಚು ಜಾರಬಹುದೆಂದು, ಬೀಗದ ಕೈಯೊಂದನ್ನೇ ಇಟ್ಟುಕೊಳ್ಳಬೇಕೆಂದು ಸಂಸ್ಥೆಯು ಮಾಲೀಕರಿಗೆ ತಿಳಿಸಿತು. ಬೀರು, ಉಗ್ರಾಣ, ಗೇಟು ಎಲ್ಲದರ ಕೈಗಳನ್ನೂ ಒಂದೇ ಬಳೆಗೆ ಪೋಣಿಸುವ ನಮ್ಮ ಯಜಮಾನರು ಇದನ್ನು ಗಮನಿಸಬಹುದು.

ಓಟದಲ್ಲಿ ಎಂಜಿನ್ ಆರಿದರೆ ಕೈಯನ್ನು ಮುಟ್ಟದೆ, ಬ್ರೇಕನ್ನು ಒಂದೇ ಸಲ ಬಲವಾಗಿ ತುಳಿದು ಹಿಡಿದು, ಭಾರವಾದ ಚಕ್ರವನ್ನು ಎರಡೂ ಕೈಗಳಿಂದ ತಿರುಗಿಸುತ್ತ ಅಂಚಿಗೆ ಬರಬೇಕು. ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಿಸುವಾಗಲೂ ಬೀಗದ ಕೈ ಒಳಗೇ ಇರಲಿ, ಅಗುಳಿ ತೆರೆದಿರಲಿ. ಹಗ್ಗ ಬಿಗಿಯಾಗುವ ಮೊದಲು ಚಕ್ರವನ್ನು ಒಮ್ಮೆ ಎಡಬಲಕ್ಕೆ ತಿರುಗಿಸಿ ನೋಡಿಕೊಳ್ಳತಕ್ಕದ್ದು.