ರೋಮ್ ಒಂದೇ ದಿನದಲ್ಲಿ ನೋಡುವ ಊರಲ್ಲ

ನಿವೃತ್ತರಾದ ತಂದೆ ತಾಯಿಯನ್ನು ಮಕ್ಕಳು ಯೂರೋಪ್ ಪ್ರವಾಸಕ್ಕೆ ಕಳಿಸುವುದು ಈಗ ಮಧ್ಯಮ ವರ್ಗದ ಮನೆಗಳಲ್ಲೂ ಕಾಣುವ ಸಂಗತಿ. ಸಂತೋಷವೇ. ಆದರೆ ಇವರಲ್ಲಿ ಅನೇಕರು ವೈದ್ಯರ ಬಳಿ ಬರುವುದು ವಿಮಾನ ಹತ್ತಲು ಎರಡೇ ದಿನ ಉಳಿದಿರುವಾಗ. ‘ವೀಸಾ ಬಂತು, ಟಿಕೆಟ್ ಆಯಿತು, ಜ್ವರಕ್ಕೆ, ಭೇದಿಗೆ ನಾಲ್ಕು ಮಾತ್ರೆ ಬರೆದುಕೊಡಿ ಡಾಕ್ಟ್ರೇ’ ಎನ್ನುತ್ತಾರೆ. ಹತ್ತು ದಿನಕ್ಕೆ ಏಳು ದೇಶ, ಅದರಲ್ಲಿ ರೋಮ್‌ಗೆ ಒಂದೇ ದಿನ! ಆ ಹೊತ್ತಿಗೆ ವೈದ್ಯ ಮಾತ್ರೆ ಬರೆಯಬಹುದೇ ಹೊರತು ಯೋಜನೆ ಬದಲಿಸಲಾಗದು. ವಯಸ್ಸಾದವರ ಪ್ರವಾಸದಲ್ಲಿ ಮೊದಲು ವೈದ್ಯರ ಭೇಟಿ, ಆಮೇಲೆ ಟಿಕೆಟ್ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಕಾಲದಲ್ಲಿ ರೋಮ್ ಎಂದರೆ ಪ್ರವಾಸಿಗರು ಜ್ವರಕ್ಕೆ ಹೆದರುತ್ತಿದ್ದರು. ‘ಮಲೇರಿಯ’ ಎಂಬ ಮಾತೇ ಇಟಲಿಯ ಭಾಷೆಯದು. ಕೆಟ್ಟ ಗಾಳಿ ಎಂದು ಅದರ ಅರ್ಥ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯ ಪರೋಪಜೀವಿಯನ್ನು ಕಂಡರು. ಮರುವರ್ಷ ರೋಮ್‌ನಲ್ಲಿ ಗ್ರಾಸಿ ಮತ್ತು ಸಂಗಡಿಗರು ಅನಾಫಿಲಿಸ್ ಸೊಳ್ಳೆಯೇ ಅದನ್ನು ಮನುಷ್ಯನಿಗೆ ಹರಡುತ್ತದೆಂದು ತೋರಿಸಿದರು. 1970ರಲ್ಲಿ ಇಟಲಿ ಮಲೇರಿಯ ಮುಕ್ತವಾಯಿತು. ಇಂದು ಅಲ್ಲಿನ ಅಪಾಯ ಬಹುಪಾಲು ನಾವೇ ಇಲ್ಲಿಂದ ಕೊಂಡೊಯ್ಯುವಂಥದ್ದು: ಮಂಡಿ ನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ದಣಿದ ಹೃದಯ.

ಹಳೆಯ ಊರು ನಡೆದೇ ನೋಡಬೇಕಾದ ಊರು. ರೋಮ್‌ನ ಹಳೆಯ ಬೀದಿಗಳಿಗೆ ಹಾಸಿರುವುದು ಸಣ್ಣ ಸಣ್ಣ ಕಪ್ಪು ಕಲ್ಲು. ಮಳೆ ಬಂದರೆ ಜಾರುತ್ತದೆ, ಸಂದಿಯಲ್ಲಿ ಕಾಲು ಹೊರಳುತ್ತದೆ. ಸಂತ ಪೀಟರ್ ಚರ್ಚಿನ ಗುಮ್ಮಟದ ತುದಿಗೆ 551 ಮೆಟ್ಟಿಲು. ಲಿಫ್ಟ್ ಇದೆ ಎಂದು ಸಮಾಧಾನ ಪಡಬೇಡಿ, ಲಿಫ್ಟ್ ಇಳಿದ ಮೇಲೂ 320 ಮೆಟ್ಟಿಲು ಹತ್ತಲೇಬೇಕು. ಮನೆಯಲ್ಲಿ ಎರಡು ಮಹಡಿ ಹತ್ತಿದರೆ ಏದುಸಿರು ಬರುವವರು ಚರ್ಚನ್ನು ಕೆಳಗಿನಿಂದಲೇ ಕಣ್ತುಂಬ ನೋಡಲಿ. ಮಹಡಿ ಹತ್ತುವಾಗ ಎದೆ ಹಿಡಿದಂತಾಗುವವರು ಹೊರಡುವ ಮುನ್ನ ಹೃದಯ ತಪಾಸಣೆ ಮಾಡಿಸಿಕೊಳ್ಳಲಿ. ಎರಡು ತಿಂಗಳ ಮೊದಲೇ ದಿನಾ ನಡೆಯುವುದನ್ನು ಶುರು ಮಾಡಿ, ಅದೂ ಪ್ರವಾಸಕ್ಕೆ ಹಾಕುವ ಅದೇ ಶೂನಲ್ಲಿ. ಹೊಸ ಶೂ ಕಚ್ಚಿದ ಒಂದು ಬೊಬ್ಬೆ ಸಕ್ಕರೆ ಕಾಯಿಲೆಯವರಿಗೆ ವಾಸಿಯಾಗದ ಹುಣ್ಣಾಗಬಹುದು.

ಯಾವಾಗ ಹೋಗಬೇಕು? ಜುಲೈ, ಆಗಸ್ಟ್ ಬೇಡ. 2003ರ ಬೇಸಿಗೆಯ ಬಿಸಿಗಾಳಿಗೆ ಯೂರೋಪಿನಲ್ಲಿ 70 ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಆಮೇಲೆ ಲೆಕ್ಕ ಹಾಕಲಾಯಿತು. ಅವರಲ್ಲಿ ಹೆಚ್ಚಿನವರು ವೃದ್ಧರು. ‘ನಮಗೇನು ಬಿಸಿಲು ಹೊಸದೇ?’ ಎಂದು ಉಡಾಫೆ ಮಾಡಬೇಡಿ. ಮನೆಯಲ್ಲಿ ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗುವವರು ಅಲ್ಲಿ ಕೊಲೋಸಿಯಂನ ಬಿಸಿಲಿನಲ್ಲಿ ನಿಂತಿರುತ್ತಾರೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ನೀರು, ಲವಣ ಬೇಗ ಇಳಿದು ತಲೆ ಸುತ್ತುತ್ತದೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ಹಿತಕರ. ನಮ್ಮ ಬೇಸಿಗೆ ರಜೆ, ದಸರಾ ರಜೆಗಳೂ ಆಗಲೇ ಬರುವುದು ಒಳ್ಳೆಯದೇ ಆಯಿತು.

ನೀರಿನ ಬಗ್ಗೆ ಒಂದು ಮಾತು. ರೋಮ್‌ನ ಬೀದಿಗಳಲ್ಲಿ 1874ರಿಂದ ಸಾರ್ವಜನಿಕ ನಲ್ಲಿಗಳಿವೆ. ಮೂಗಿನಂತೆ ಬಾಗಿರುವುದರಿಂದ ಜನ ಅವನ್ನು ‘ದೊಡ್ಡ ಮೂಗು’ ಎಂದೇ ಕರೆಯುತ್ತಾರೆ. ನೀರು ಸದಾ ಹರಿಯುತ್ತಿರುತ್ತದೆ, ಕುಡಿಯಲು ಯೋಗ್ಯ, ಪುಕ್ಕಟೆ. ಆದರೂ ನಮ್ಮ ತಾಯಂದಿರು ಪರ ಊರಿನಲ್ಲಿ ಶೌಚಾಲಯಕ್ಕೆ ಅಂಜಿ ನೀರನ್ನೇ ಕುಡಿಯುವುದಿಲ್ಲ. ಮೂರನೇ ದಿನಕ್ಕೆ ಉರಿಮೂತ್ರ, ಜ್ವರ. ಎರಡು ಗಂಟೆಗೊಮ್ಮೆ ಒಂದು ಕಾಫಿ ಅಂಗಡಿಯಲ್ಲಿ ಕುಳಿತರೆ ಕಾಲಿಗೆ ವಿಶ್ರಾಂತಿ, ಶೌಚಾಲಯದ ಅನುಕೂಲ ಎರಡೂ ಸಿಗುತ್ತವೆ. ಇದನ್ನೂ ಯೋಜನೆಯಲ್ಲಿ ಬರೆದಿಡಿ.

ಔಷಧಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಇನ್ಸುಲಿನ್ ಅನ್ನಂತೂ ವಿಮಾನದ ಸಾಮಾನಿಗೆ ಹಾಕಲೇಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಇಲ್ಲಿಯ ಬ್ರ್ಯಾಂಡು ಅಲ್ಲಿಯ ಅಂಗಡಿಯವನಿಗೆ ತಿಳಿಯದು. ರೋಮ್‌ನ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಇನ್ಸುಲಿನ್ ವೇಳೆಯನ್ನು ಹೇಗೆ ಹೊಂದಿಸಬೇಕೆಂದು ನಿಮ್ಮ ವೈದ್ಯರಿಂದ ಬರೆಸಿಕೊಂಡೇ ಹೊರಡಿ. ನಡಿಗೆ ಹೆಚ್ಚಿ ಊಟ ತಡವಾದರೆ ಸಕ್ಕರೆ ಕುಸಿಯುತ್ತದೆ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ವಿಮಾನದಲ್ಲಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಪಾದ ಆಡಿಸಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಪ್ಪಿಸಲು ಇದು ಸುಲಭದ ದಾರಿ.

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಕಂತು ಕಡಿಮೆಯಾಗಲೆಂದು ಇರುವ ಕಾಯಿಲೆಯನ್ನು ಮುಚ್ಚಿಟ್ಟರೆ, ಬೇಕಾದಾಗಲೇ ಹಣ ಸಿಗದೆ ಹೋಗಬಹುದು. ಹಳೆಯ ಕಾಯಿಲೆಗೆ ಎಷ್ಟು ರಕ್ಷಣೆ ಇದೆ ಎಂಬ ಸಣ್ಣಕ್ಷರದ ಸಾಲುಗಳನ್ನು ಓದಿ. ತುರ್ತು ಕರೆಗೆ ಅಲ್ಲಿನ ಸಂಖ್ಯೆ 112.

ಕೊನೆಗೆ ಮಕ್ಕಳಿಗೆ ಒಂದು ಮಾತು. ನಿಮ್ಮ ಅಪ್ಪ ಅಮ್ಮ ಅಲ್ಲಿ ಎದೆ ನೋವನ್ನೂ ‘ಗ್ಯಾಸ್’ ಎಂದು ನುಂಗಿಕೊಳ್ಳುವ ಜಾತಿಯವರು. ಮಗ ಇಷ್ಟು ಹಣ ಕಟ್ಟಿದ್ದಾನೆ, ಬಸ್ಸಿನವರಿಗೆಲ್ಲ ನಮ್ಮಿಂದ ತೊಂದರೆ ಏಕೆ ಎಂಬುದು ಅವರ ಸಂಕೋಚ. ಈ ಸಂಕೋಚ ಕಾಯಿಲೆಗಿಂತ ಅಪಾಯಕಾರಿ. ಅದೇ ಹಣದಲ್ಲಿ ಏಳು ದೇಶದ ಬದಲು ಒಂದೇ ಊರಿಗೆ ಒಂದು ವಾರ ಕಳಿಸಿ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ನಿದ್ದೆ, ಸಂಜೆ ಇನ್ನೊಂದು. ‘ಸುಸ್ತಾದರೆ ಆ ದಿನ ರೂಮಿನಲ್ಲೇ ಇರಿ, ದುಡ್ಡಿನ ಯೋಚನೆ ಬೇಡ’ ಎಂದು ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವರು ಕೇಳುವುದಿಲ್ಲ.